ಹರಿಹರದಿಂದ ಬಾದಾಮಿಗೆ: ಕೆಂಪು ಬಂಡೆಗಳ ನಡುವೆ ಎರಡು ದಿನ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, 1985–86ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಯರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರು ಶಾಲೆಯ ಇತಿಹಾಸ ಹೇಳಿದರು, ಗುರುಗಳ ಉಪಕಾರ ನೆನೆದರು. ಅವರು ಹೇಳಿದ್ದನ್ನೇ ನಾನು ಮತ್ತೆ ಹೇಳುವುದಿಲ್ಲ. ನಮ್ಮ ತಂಡದ ಏಳು ಜನ ಹೆಣ್ಣುಮಕ್ಕಳು ಕಳೆದ ಡಿಸೆಂಬರ್ ತಿಂಗಳಲ್ಲಿ ಒಂದು ಪ್ರವಾಸ ಹೋಗಿ ಬಂದೆವು. ಅದನ್ನು ಹೇಳಿ, ಕೊನೆಗೆ ಈ ಸಭೆಯ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಬೇಡಿಕೆ ಕೇಳುವ ತನಕ ಯಾರೂ ಊಟಕ್ಕೆ ಏಳಬಾರದು.

ನಾವು ಹತ್ತನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಾಪುರದ ಪ್ರವಾಸ ಹೊರಟಿತ್ತು. ಆಗ ನಮ್ಮ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬಾದಾಮಿ ವಿಜಾಪುರ ಜಿಲ್ಲೆಯಲ್ಲಿತ್ತು. ದಾವಣಗೆರೆ ಮತ್ತು ಬಾಗಲಕೋಟೆ ಜಿಲ್ಲೆಗಳಾದದ್ದು 1997ರಲ್ಲಿ. ಆ ಪ್ರವಾಸಕ್ಕೆ ಗಂಡುಹುಡುಗರು ಬಸ್ಸು ತುಂಬ ಹೋದರು. ಹೆಣ್ಣುಮಕ್ಕಳಲ್ಲಿ ಹೋದವರು ಇಬ್ಬರೇ, ಇಬ್ಬರೂ ಮೇಷ್ಟ್ರ ಮಕ್ಕಳು. ನಮ್ಮ ಅಪ್ಪ ಅವ್ವ ಕೆಟ್ಟವರಾಗಿರಲಿಲ್ಲ. ಭದ್ರಾ ಕಾಲುವೆಯ ನೀರು ಬಂದರೆ ಭತ್ತ, ಇಲ್ಲದಿದ್ದರೆ ಸಾಲ ಅನ್ನುವ ಬದುಕು ಅವರದು. ಇದ್ದ ದುಡ್ಡಿನಲ್ಲಿ ಒಬ್ಬರನ್ನು ಕಳಿಸುವುದಾದರೆ ಗಂಡುಹುಡುಗನನ್ನು ಕಳಿಸುತ್ತಿದ್ದರು. "ನೀನು ಮದುವೆಯಾದ ಮೇಲೆ ಗಂಡನ ಜೊತೆ ನೋಡಿಯಂತೆ" ಎಂದು ನಮ್ಮವ್ವ ಹೇಳಿದ್ದಳು. ನಮ್ಮ ಏಳೂ ಮನೆಗಳಲ್ಲಿ ಇದೇ ಮಾತು ಬಂದಿತ್ತು ಅನ್ನುವುದು ಗೊತ್ತಾಗಿದ್ದು ಮೊನ್ನೆ ಮೊನ್ನೆ, ವಾಟ್ಸಾಪ್ ಗುಂಪು ಮಾಡಿಕೊಂಡ ಮೇಲೆ.

ಆ ಗುಂಪಿನಲ್ಲಿ ಒಬ್ಬ ಗೆಳತಿ ಒಂದು ದಿನ ಅಮೆರಿಕದ ಫೋಟೊಗಳನ್ನು ಹಾಕಿದಳು. ಅವಳ ಮಗಳು, ಅಳಿಯ ಯೂಟಾ, ಅರಿಜೋನಾ ರಾಜ್ಯಗಳಲ್ಲಿ ಕಾರು ಓಡಿಸಿಕೊಂಡು ಹೋಗಿ ಕೆಂಪು ಬಂಡೆಗಳ ಕಣಿವೆಗಳಲ್ಲಿ ನಡೆದು ಬಂದಿದ್ದರು. ಕಲ್ಲಿನ ಕಮಾನು, ಕಲ್ಲಿನ ಕಂಬ, ಇಬ್ಬರು ಪಕ್ಕಪಕ್ಕದಲ್ಲಿ ನಡೆಯಲಾಗದಷ್ಟು ಕಿರಿದಾದ ಬಿರುಕುಗಳು. ಕೊಲೊರಾಡೊ ನದಿ ಕೊರೆದ ಗ್ರ್ಯಾಂಡ್ ಕ್ಯಾನಿಯನ್ ಸುಮಾರು 446 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗೂ ಹೆಚ್ಚು ಆಳ. ಆರ್ಚಸ್ ಎಂಬ ಇನ್ನೊಂದು ಜಾಗದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಹಜ ಕಮಾನುಗಳಿವೆಯಂತೆ. ಎಲ್ಲರೂ ನೋಡಿ "ಆಹಾ" ಎಂದು ಬರೆದರು. ಆಗ ದಾವಣಗೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಮ್ಮ ಗೆಳತಿ ಒಂದೇ ಸಾಲು ಬರೆದಳು: "ಅಮೆರಿಕ ಇರಲಿ, ನಾವು ಬಾದಾಮಿನೇ ನೋಡಿಲ್ಲವಲ್ರೇ." ಗುಂಪಿನಲ್ಲಿ ಅವತ್ತು ಮತ್ತೆ ಯಾರೂ ಏನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ನಾನು ತಾರೀಖು ಕೇಳಿದೆ.

ಹೊರಡುವುದು ಸುಲಭವಾಗಲಿಲ್ಲ. ಒಬ್ಬಳಿಗೆ ಮೊಮ್ಮಗನ ಬಾಣಂತನ, ಒಬ್ಬಳಿಗೆ ಹತ್ತಿ ಬಿಡಿಸುವ ಕಾಲ, ಒಬ್ಬಳಿಗೆ ಮಂಡಿನೋವು. ಇನ್ನೊಬ್ಬಳು ನೆಂಟರ ಮನೆ ಮತ್ತು ಆಸ್ಪತ್ರೆ ಬಿಟ್ಟರೆ ಮನೆಯ ಹೊರಗೆ ಒಂದು ರಾತ್ರಿಯೂ ಮಲಗಿದವಳಲ್ಲ. ಅವಳ ವಯಸ್ಸು ಐವತ್ತೈದರ ಹತ್ತಿರ. "ನಮ್ಮನೆಯವರನ್ನ ಕೇಳಿ ಹೇಳ್ತೀನಿ" ಎಂದು ಮೂರು ಸಲ ಅಂದಳು. ನಾಲ್ಕನೇ ಸಲ, "ಕೇಳಲಿಲ್ಲ, ಹೋಗ್ತೀನಿ ಅಂತ ಹೇಳಿದೆ" ಅಂದಳು. ಅವಳ ಯಜಮಾನರು ಇಲ್ಲೇ ಮೂರನೇ ಸಾಲಿನಲ್ಲಿ ನಗುತ್ತ ಕೂತಿದ್ದಾರೆ. ಅವರಿಗೆ ಒಂದು ಚಪ್ಪಾಳೆ ಸಲ್ಲಬೇಕು.

ಎರಡನೇ ಶನಿವಾರ ಬೆಳಗಿನ ಜಾವ ಐದಕ್ಕೆ ಟೆಂಪೋ ಟ್ರಾವೆಲರ್ ಹತ್ತಿದೆವು. ಡ್ರೈವರ್ ತಮ್ಮನೂ ಇದೇ ಶಾಲೆಯ ಹುಡುಗ, ನಮಗಿಂತ ಹದಿನೈದು ವರ್ಷ ಚಿಕ್ಕವನು. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾಂವಿ ದಾಟಿ ಹುಬ್ಬಳ್ಳಿ. ಅಲ್ಲಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಬಾದಾಮಿ. ಒಟ್ಟು ಸುಮಾರು 240 ಕಿ.ಮೀ. ಮಂಡಕ್ಕಿ, ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ನಮ್ಮ ಜೊತೆಗೇ ಇತ್ತು.

ಮಕ್ಕಳೇ, ಈ ದಾರಿಯಲ್ಲಿ ಹೋಗುವಾಗ ಮೊಬೈಲು ಒಳಗಿಟ್ಟು ಕಿಟಕಿಯ ಹೊರಗೆ ನೋಡಬೇಕು. ಹುಬ್ಬಳ್ಳಿಯ ತನಕ ಏರು ಇಳಿವಿನ ನೆಲ. ಹುಬ್ಬಳ್ಳಿ ದಾಟಿದ ಮೇಲೆ ಎರೆಭೂಮಿ, ಕಣ್ಣು ಹಾಯಿಸಿದಷ್ಟು ದೂರ ಕಪ್ಪು ನೆಲ, ಜೋಳ, ಕಡಲೆ, ಕುಸುಬೆ. ನವಲಗುಂದ ನರಗುಂದಗಳು 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ರೈತರು ಎದ್ದು ನಿಂತ ಊರುಗಳು. ನರಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. 1858ರಲ್ಲಿ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದದ್ದು ಅಲ್ಲಿಯೇ. ಕೊಣ್ಣೂರಿನ ಹತ್ತಿರ ಮಲಪ್ರಭೆ ದಾಟಿದ ಮೇಲೆ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಬಾದಾಮಿ ಹತ್ತಿರವಾದಂತೆ ಬಲಕ್ಕೆ, ಎಡಕ್ಕೆ ಕೆಂಪು ಬಂಡೆಗಳ ಗೋಡೆ ಏಳುತ್ತದೆ. ನಮ್ಮ ಗಾಡಿಯಲ್ಲಿ ಅಲ್ಲಿಯವರೆಗೂ ನಡೆದಿದ್ದ ಸೊಸೆಯರ ಸುದ್ದಿ ಅಲ್ಲಿಗೆ ನಿಂತಿತು.

ಬಾದಾಮಿಯ ಕಲ್ಲು ಮರಳುಗಲ್ಲು. ನಮ್ಮ ಚಿತ್ರದುರ್ಗದ ಕೋಟೆಯ ಬಂಡೆಗಳು ಗ್ರಾನೈಟು, ನೆಲದಾಳದಲ್ಲಿ ಕರಗಿ ಗಟ್ಟಿಯಾದ ಕಲ್ಲು. ಮರಳುಗಲ್ಲು ಹಾಗಲ್ಲ. ನೀರು ಹೊತ್ತು ತಂದ ಮರಳು ಪದರದ ಮೇಲೆ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿ ಕಲ್ಲಾಗಿದ್ದು. ಬೇಸಿಗೆಯಲ್ಲಿ ಹರಿಹರದ ಹೊಳೆಯ ನೀರು ಇಳಿದಾಗ ದಂಡೆಯ ಮರಳಿನ ಮೇಲೆ ಅಲೆಅಲೆಯ ಗೆರೆ ಉಳಿಯುತ್ತದಲ್ಲ, ಅಂಥದೇ ಗೆರೆಗಳು ಬಾದಾಮಿಯ ಬಂಡೆಗಳಲ್ಲಿ ಕಲ್ಲಾಗಿ ನಿಂತಿವೆ. ಕೈಯಿಟ್ಟು ಮುಟ್ಟಿ ನೋಡಬಹುದು. ಕಬ್ಬಿಣದ ಅಂಶ ತುಕ್ಕು ಹಿಡಿದದ್ದರಿಂದ ಕೆಂಪು ಬಣ್ಣ. ಬಂಡೆ ನೆಟ್ಟಗೆ ಸೀಳುತ್ತದೆ. ಸೀಳಿಗೆ ಮಳೆನೀರು ಇಳಿದು, ಕೊರೆದು, ಅಗಲ ಮಾಡಿ ಓಣಿಗಳಾಗಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಅಮೆರಿಕದ ಆರ್ಚಸ್‌ನ ಕೆಂಪು ಕಲ್ಲು ಡೈನೋಸಾರುಗಳಿದ್ದ ಕಾಲದ್ದು. ಬಾದಾಮಿಯ ಮರಳು ಅದಕ್ಕಿಂತ ಬಹಳ ಹಿಂದಿನದು, ನೆಲದ ಮೇಲೆ ಒಂದು ಪ್ರಾಣಿಯೂ ನಡೆದಾಡದಿದ್ದ ಕಾಲದ್ದು. ವಯಸ್ಸಿನ ಲೆಕ್ಕದಲ್ಲಿ ನಮ್ಮ ಬಂಡೆಗಳೇ ಹಿರಿಯರು. ಅಮೆರಿಕದ ಮಗಳಿಗೆ ಈ ಸುದ್ದಿ ಅಂದೇ ತಲುಪಿಸಿದೆವು.

ಮೊದಲ ದಿನ ದಕ್ಷಿಣದ ಬೆಟ್ಟದ ಗುಹೆಗಳು. ಮೊದಲನೇ ಗುಹೆಯ ಹೊರಗೆ ಹದಿನೆಂಟು ತೋಳಿನ ನಟರಾಜ. ಅದೇ ಗುಹೆಯೊಳಗೆ ಒಂದು ದೊಡ್ಡ ಹರಿಹರ ಮೂರ್ತಿ ಇದೆ. ಒಂದು ಪಾಲು ಶಿವ, ಒಂದು ಪಾಲು ವಿಷ್ಣು. ನಮ್ಮ ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು 1224ರ ಸುಮಾರಿಗೆ. ಬಾದಾಮಿಯ ಮೂರ್ತಿ ಅದಕ್ಕಿಂತ ಆರು ನೂರು ವರ್ಷಕ್ಕೂ ಹಿಂದಿನದು. ಚಿಕ್ಕಂದಿನಿಂದ ಜಾತ್ರೆಗೆ ಹೋಗಿ ಕೈಮುಗಿದ ದೇವರು ಅಷ್ಟು ದೂರದ ಬಂಡೆಯಲ್ಲಿ ಎದುರಾದಾಗ, ನಮ್ಮೂರಿನವರೇ ಯಾರೋ ಸಿಕ್ಕಂತಾಯಿತು. ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಅದನ್ನು 578ರಲ್ಲಿ ಮಂಗಲೇಶ ಮಾಡಿಸಿದ ಎಂದು ಶಾಸನವೇ ಹೇಳುತ್ತದೆ. ನಾಲ್ಕನೆಯದು ಜೈನರ ಗುಹೆ, ಅಲ್ಲಿ ಬಾಹುಬಲಿ, ಪಾರ್ಶ್ವನಾಥ. ಶಿವ, ವಿಷ್ಣು, ತೀರ್ಥಂಕರರಿಗೆ ಒಂದೇ ಬೆಟ್ಟ ಸಾಕಾಗಿದೆ.

ಮಂಡಿನೋವಿನ ಗೆಳತಿ ಒಂದೊಂದೇ ಮೆಟ್ಟಿಲು ಹತ್ತಿದಳು. ಹತ್ತು ಮೆಟ್ಟಿಲಿಗೊಮ್ಮೆ ಕೂತಳು. ಕೂತಾಗಲೆಲ್ಲ ಕೆಳಗಿನ ಅಗಸ್ತ್ಯ ತೀರ್ಥವನ್ನೂ ಅದರಾಚೆಯ ಬೆಟ್ಟವನ್ನೂ ನೋಡಿದಳು. ಬೇಗ ಹತ್ತಿದ ನಮಗಿಂತ ಅವಳೇ ಹೆಚ್ಚು ನೋಡಿದಳು ಎಂದು ಆಮೇಲೆ ಒಪ್ಪಿಕೊಂಡೆವು. ಒಂದು ಕೋತಿ ಬಂದು ಅವಳ ಚೀಲದಿಂದ ಮಂಡಕ್ಕಿ ಪೊಟ್ಟಣ ಕಿತ್ತುಕೊಂಡು ಬಂಡೆ ಏರಿ ಕೂತಿತು. "ದಾವಣಗೆರೆ ಮಂಡಕ್ಕಿ, ತಿನ್ನು, ಇಂಥದು ಇಲ್ಲಿ ಸಿಗಲ್ಲ" ಎಂದು ಅವಳು ಆಶೀರ್ವಾದ ಮಾಡಿದಳು. ನಿಮಗೂ ಹೇಳುತ್ತೇನೆ, ಅಲ್ಲಿ ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ.

ಸಂಜೆ ಉತ್ತರದ ಬೆಟ್ಟ, ಬಾವನಬಂಡೆ ಕೋಟೆ. ವಸ್ತುಸಂಗ್ರಹಾಲಯದ ಪಕ್ಕದಿಂದ ದಾರಿ ಏರುತ್ತದೆ. ಎರಡೂ ಕಡೆ ನೆಟ್ಟಗಿನ ಕೆಂಪು ಗೋಡೆ, ನಡುವೆ ಕಿರಿದಾದ ಓಣಿ, ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಫೋಟೊದಲ್ಲಿ ನೋಡಿದ್ದ ಅರಿಜೋನಾದ ಓಣಿಗಳಂಥದೇ. ಸಿನಿಮಾದವರೂ ಈ ಓಣಿಗಳನ್ನು ಬಿಟ್ಟಿಲ್ಲ. ಒಳಗೆ ಗಾಳಿ ತಂಪಾಗಿರುತ್ತದೆ, ಮಾತಾಡಿದರೆ ಮಾತು ತಿರುಗಿ ಬರುತ್ತದೆ. ಒಂದನೇ ಪುಲಿಕೇಶಿ 543ರಲ್ಲಿ ವಾತಾಪಿಯ ಈ ಬೆಟ್ಟವನ್ನು ಕೋಟೆ ಮಾಡಿಕೊಂಡನೆಂದು ಬಂಡೆಯ ಮೇಲಿನ ಶಾಸನ ಹೇಳುತ್ತದೆ. ಆ ಓಣಿಗಳಲ್ಲಿ ನಿಂತರೆ ಈ ಜಾಗವನ್ನೇ ಯಾಕೆ ಆರಿಸಿಕೊಂಡ ಎಂದು ಯಾರೂ ಪಾಠ ಮಾಡಬೇಕಿಲ್ಲ. ಗೋಡೆ ಕಟ್ಟುವ ಕೆಲಸವನ್ನು ಬಂಡೆಗಳೇ ಮುಕ್ಕಾಲು ಮಾಡಿಟ್ಟಿದ್ದವು. ಹಾಗಿದ್ದರೂ 642ರಲ್ಲಿ ಪಲ್ಲವರ ನರಸಿಂಹವರ್ಮ ಊರನ್ನು ಹಿಡಿದ. ಅವನ ಶಾಸನವೂ ಇದೇ ಊರಿನ ಬಂಡೆಯ ಮೇಲಿದೆ.

ಕೆರೆಯ ದಂಡೆಯಲ್ಲಿ ಭೂತನಾಥ ಗುಡಿಯ ಕಡೆ ನಡೆದು ಹೋದರೆ, ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ನೇ ಇಸವಿಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ನಾವು ಅದನ್ನು ಎಂಟನೇ ತರಗತಿಯಲ್ಲಿ ಕನ್ನಡ ಪಂಡಿತರ ಬಾಯಿಂದ ಕೇಳಿದ್ದೆವು, ಪರೀಕ್ಷೆಗೆ ಬರೆದಿದ್ದೆವು. ಸರ್ವಜ್ಞ ಹೇಳಿದ್ದು ತ್ರಿಪದಿಯಲ್ಲಿ. ನಮ್ಮ ಅವ್ವಂದಿರು ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದೂ ತ್ರಿಪದಿಯಲ್ಲೇ. ಮನೆ ಬಿಟ್ಟು ಮಲಗದಿದ್ದ ಆ ಗೆಳತಿ ಬಂಡೆಯ ಎದುರು ನಿಂತು ಅವಳ ಅವ್ವನ ಬೀಸುವ ಹಾಡೊಂದನ್ನು ಮೆಲ್ಲಗೆ ಹಾಡಿದಳು. ಶಾಸನ ಓದಲು ನಮಗೆ ಯಾರಿಗೂ ಬರಲಿಲ್ಲ. ಆದರೆ ಅವಳ ಹಾಡಿನ ಮೂರು ಸಾಲು ಎಲ್ಲಿ ತಿರುಗಿ ಎಲ್ಲಿ ನಿಲ್ಲುತ್ತವೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಅವ್ವಂದಿರು ಅಕ್ಷರ ಕಲಿಯದೆ ಇಟ್ಟುಕೊಂಡು ಬಂದದ್ದು ಎಷ್ಟು ಹಳೆಯದು ಎಂದು ನನಗೆ ಹೊಳೆದದ್ದು ಅವತ್ತು.

ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಸಿಡಿಲಫಡಿಗೆ ಹೊರಟೆವು. ಪಟ್ಟಣದಿಂದ ಮೂರು ನಾಲ್ಕು ಕಿ.ಮೀ. ಬಂಡೆಗಳ ಮೇಲೆ, ಕುರುಚಲು ಗಿಡಗಳ ನಡುವೆ ಕಾಲುದಾರಿ. ನಮ್ಮ ಜೊತೆ ಬಂದ ಸ್ಥಳೀಯ ಹುಡುಗ ದಾರಿ ತೋರಿಸಿದ. ಮಂಡಿನೋವಿನವಳು ಡ್ರೈವರ್ ತಮ್ಮನ ಜೊತೆ ಬನಶಂಕರಿಗೆ ಹೋದಳು, ಉಳಿದ ಆರು ಜನ ನಡೆದೆವು. ಸಿಡಿಲಫಡಿ ಅಂದರೆ ಬಂಡೆಯೇ ಸೇತುವೆಯಂತೆ ಬಾಗಿ ನಿಂತ ದೊಡ್ಡ ಗುಹೆ. ಚಾವಣಿಯಲ್ಲಿ ತೂತುಗಳಿವೆ, ಅವುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಸಿಡಿಲು ಬಡಿದು ತೂತಾಯಿತು ಎನ್ನುವುದು ಜನರ ಮಾತು, ಹೆಸರೂ ಅದರಿಂದಲೇ. ಗೋಡೆಯ ಮೇಲೆ ಇತಿಹಾಸಕ್ಕೂ ಹಿಂದಿನ ಕಾಲದವರು ಬರೆದ ಚಿತ್ರಗಳಿವೆ, ಬಹಳ ಮಾಸಿವೆ. ಚಾಲುಕ್ಯರಿಗಿಂತ ಎಷ್ಟೋ ಮೊದಲು, ಅಕ್ಷರವೇ ಇಲ್ಲದಿದ್ದಾಗ, ಮಳೆಗೆ ಬಿಸಿಲಿಗೆ ಅಲ್ಲಿ ಕೂತವರಿದ್ದರು. ನಾವೂ ಅಲ್ಲೇ ಕೂತು ರೊಟ್ಟಿ ತಿಂದೆವು, ಎಲೆ ಕಾಗದ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ತಂದೆವು.

ಅಲ್ಲಿ ಒಂದು ಬೇಸರವೂ ಆಯಿತು. ಬೆಟ್ಟದ ಮೇಲೆ ಹಲವು ಕಡೆ ಬಂಡೆಗಳಿಗೆ ಹೆಸರು ಗೀಚಿದ್ದಾರೆ. ಹುಡುಗನ ಹೆಸರು, ಹುಡುಗಿಯ ಹೆಸರು, ನಡುವೆ ಬಾಣ. ಒಂದು ಹೆಸರಿನ ಕೆಳಗೆ "ದಾವಣಗೆರೆ" ಎಂದು ಊರೂ ಇತ್ತು. ನಮ್ಮ ಜೊತೆ ಬಂದ ಹುಡುಗ ಓದಿ, "ನಿಮ್ಮ ಊರಿನವ್ರು ನೋಡ್ರಿ" ಅಂದ. ನಾವು ತಲೆ ತಗ್ಗಿಸಿದೆವು. ಮರಳುಗಲ್ಲು ಮೃದು, ಒಂದು ಮೊಳೆ ಸಾಕು ಗೀಚಲು. ಶಿಲ್ಪಿಗೆ ಅನುಕೂಲವಾದ ಗುಣವೇ ಗೀಚುವವನಿಗೂ ಅನುಕೂಲವಾಗಿದೆ. ರಕ್ಷಿತ ಸ್ಮಾರಕವನ್ನು ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿದೆ. ಆದರೆ ಪ್ರತಿ ಬಂಡೆಗೂ ಪೊಲೀಸರನ್ನು ನಿಲ್ಲಿಸಲು ಆಗುವುದಿಲ್ಲ. ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರು ಬಸ್ಸು ಇಳಿಯುವ ಮುಂಚೆ ಎರಡು ನಿಮಿಷ ಹೇಳಿದರೆ, ಆ ಎರಡು ನಿಮಿಷ ಕಾನೂನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಧ್ಯಾಹ್ನ ಬನಶಂಕರಿಯಲ್ಲಿ ಎಲ್ಲರೂ ಸೇರಿದೆವು. ಅಲ್ಲಿ ತಾಯಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಬಂದು ಬಡಿಸುತ್ತಾರೆ. ಒಬ್ಬ ಅಜ್ಜಿ, "ಎಲ್ಲಿಂದ ಬಂದೀರೆವ್ವಾ? ಗಣಮಕ್ಕಳು ಯಾರೂ ಬಂದಿಲ್ಲೇನು?" ಅಂದಳು. "ಇಲ್ಲವ್ವಾ, ನಾವ್ ನಾವೇ ಬಂದೀವಿ" ಅಂದೆವು. ಅಜ್ಜಿ ಒಂದು ಗಳಿಗೆ ನೋಡಿ, "ಚಲೋ ಮಾಡಿದ್ರಿ" ಎಂದು ಪ್ರತಿಯೊಬ್ಬರ ತಟ್ಟೆಗೂ ಒಂದೊಂದು ರೊಟ್ಟಿ ಹೆಚ್ಚಿಗೆ ಹಾಕಿದಳು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ವಾಪಸು ಬರುವ ಮುಂಚೆ ಪಟ್ಟದಕಲ್ಲನ್ನೂ ನೋಡಿದೆವು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಐಹೊಳೆಗೆ ಹೊತ್ತು ಸಾಲಲಿಲ್ಲ, ಇನ್ನೊಮ್ಮೆ ಹೋಗಲು ಒಂದು ನೆಪ ಉಳಿಯಿತು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚಿಯಿಂದ ಮೇ ತನಕ ಆ ಕಲ್ಲು ಕಾದ ಹಂಚು, ಮಕ್ಕಳನ್ನು ಕರೆದೊಯ್ಯಬೇಡಿ. ನಡೆಯುವುದಿದ್ದರೆ ಬೆಳಿಗ್ಗೆ ಬೇಗ ಹೊರಡಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ, ಚಪ್ಪಲಿ ಬೇಡ, ಶೂ ಹಾಕಿ. ಮಳೆ ಬಿದ್ದಾಗ ಬಂಡೆ ಜಾರುತ್ತದೆ. ಸಿಡಿಲಫಡಿಗೆ ದಾರಿ ಬಲ್ಲವರಿಲ್ಲದೆ ಹೋಗಬೇಡಿ. ಬಂಡೆಯ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ.

ಈಗ ಬೇಡಿಕೆ. ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ, ಈಗಲೂ ಶಾಲೆಯ ಪ್ರವಾಸಕ್ಕೆ ಹೆಣ್ಣುಮಕ್ಕಳು ಎಷ್ಟು ಜನ ಹೆಸರು ಕೊಡುತ್ತಾರೆ ಎಂದು. ತರಗತಿಯಲ್ಲಿ ಹುಡುಗಿಯರೇ ಹೆಚ್ಚು, ಪ್ರವಾಸದ ಪಟ್ಟಿಯಲ್ಲಿ ಅವರೇ ಕಡಿಮೆ ಎಂದರು. ಕಾರಣ ಎರಡೇ, ದುಡ್ಡು ಮತ್ತು ಭಯ. ದುಡ್ಡಿನ ಕಾರಣವನ್ನು ನಾವು ತೆಗೆಯಬಹುದು. ನಾವು ಏಳು ಜನ ತಲಾ ಐದು ಸಾವಿರ ಸೇರಿಸಿ 35,000 ರೂಪಾಯಿಯನ್ನು ಇವತ್ತು ಎಸ್‌ಡಿಎಂಸಿಗೆ ಕೊಡುತ್ತಿದ್ದೇವೆ. ಇದು ಒಂಬತ್ತನೇ ತರಗತಿಯ ಹೆಣ್ಣುಮಕ್ಕಳ ಪ್ರವಾಸದ ನಿಧಿ. ಪ್ರತಿ ತಂಡದವರೂ ಕೈಲಾದಷ್ಟು ಸೇರಿಸಿ ಬ್ಯಾಂಕಿನಲ್ಲಿಟ್ಟರೆ ಬಡ್ಡಿಯಲ್ಲೇ ವರ್ಷ ವರ್ಷ ಒಂದಷ್ಟು ಮಕ್ಕಳು ಹೋಗಿ ಬರುತ್ತಾರೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ ಎಂದು ಕೆಲವರು ಹೇಳಿದ್ದಾರೆ. ಕಟ್ಟಿಸಲಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಇದೂ ಇರಲಿ.

ಭಯದ ಕಾರಣ ದುಡ್ಡಿನಿಂದ ಹೋಗುವುದಿಲ್ಲ. ಅದಕ್ಕೂ ಒಂದು ದಾರಿ ಇದೆ. ಪ್ರವಾಸದ ಬಸ್ಸಿನಲ್ಲಿ ಶಿಕ್ಷಕಿಯರ ಜೊತೆ ಊರಿನ ಇಬ್ಬರು ತಾಯಂದಿರೂ ಹೋಗಲಿ. ಪ್ರತಿ ವರ್ಷ ಬೇರೆ ಬೇರೆ ಮನೆಯವರು. ಅವರ ಖರ್ಚೂ ನಿಧಿಯಿಂದಲೇ ಹೋಗಲಿ. ಮಗಳೂ ನೋಡಿದಂತಾಯಿತು, ತಾಯಿಯೂ ನೋಡಿದಂತಾಯಿತು. ಮೊದಲ ವರ್ಷ ಜೊತೆಗೆ ಹೋಗಲು ನಮ್ಮ ತಂಡದ ಇಬ್ಬರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಅವರಲ್ಲೊಬ್ಬಳು ಮಂಡಿನೋವಿನವಳು. ಐಹೊಳೆ ಬಾಕಿ ಇದೆ ಅನ್ನುವುದು ಅವಳ ಲೆಕ್ಕ.

ಅಪ್ಪಂದಿರೇ, ಅಣ್ಣತಮ್ಮಂದಿರೇ, "ಮದುವೆಯಾದ ಮೇಲೆ ನೋಡಿಯಂತೆ" ಎಂಬ ಮಾತನ್ನು ಈ ಊರಿನಲ್ಲಿ ಇನ್ನು ಯಾರೂ ಆಡುವುದು ಬೇಡ. ಬಂಡೆಗಳು ಕೋಟಿ ವರ್ಷ ಕಾಯುತ್ತವೆ, ನಿಜ. ಹದಿನಾಲ್ಕು ವರ್ಷದ ಮೊಣಕಾಲು, ಹದಿನಾಲ್ಕು ವರ್ಷದ ಕಣ್ಣು ಕಾಯುವುದಿಲ್ಲ. ಹೋಗಬೇಕಾದ ವಯಸ್ಸಿನಲ್ಲಿ ಮಕ್ಕಳನ್ನು ಕಳಿಸಿಕೊಡಿ. ನಿಧಿಯ ಪುಸ್ತಕ ಬಾಗಿಲ ಬಳಿ ಮೇಜಿನ ಮೇಲಿದೆ. ಹೆಸರು ಬರೆಸುವವರು ಬಂಡೆಯ ಮೇಲೆ ಬರೆಯದೆ ಆ ಪುಸ್ತಕದಲ್ಲಿ ಬರೆಸಿ.

ನನ್ನ ಮಾತು ಮುಗಿಯಿತು. ಇನ್ನು ಊಟಕ್ಕೆ ಏಳಬಹುದು.